ಕೇಳುವಂತಿಲ್ಲದವನ ಪರವಾಗಿ ಕೇಳೋದು

"ಬೇರೆ ಏನ್ ಬೇಕಾದ್ರೂ ಕೇಳಿ, ಸೈನ್ಯದ ವಿಷಯದಲ್ಲಿ ಮಾತ್ರ ಪ್ರಶ್ನೆ ಕೇಳ್ಬೇಡಿ. ಅವರು ಅಲ್ಲಿ ಹಿಮದಲ್ಲಿ ನಿಂತಿರೋದಕ್ಕೇ ನಾವಿಲ್ಲಿ ಎಸಿಯಲ್ಲಿ ಕೂತಿರೋದು."

ಈ ಮಾತನ್ನು ನೀವೂ ಕೇಳಿರ್ತೀರಿ. ಆಫೀಸಿನ ಕ್ಯಾಂಟೀನಿನಲ್ಲಿ, ಫ್ಯಾಮಿಲಿ ವಾಟ್ಸ್ಯಾಪ್ ಗ್ರೂಪಿನಲ್ಲಿ, ಟಿವಿ ಚರ್ಚೆಗಳಲ್ಲಿ. ರಸ್ತೆ ಗುಂಡಿಗೆ ಪಾಲಿಕೆಯನ್ನು ಬೈಯೋಕೆ, ಟ್ಯಾಕ್ಸ್ ಕಟ್ಟುವಾಗ ಸರ್ಕಾರವನ್ನು ಬೈಯೋಕೆ ನಮಗೆ ಯಾವ ಅಳುಕೂ ಇಲ್ಲ. ರಕ್ಷಣೆ ಅಂದ ಕೂಡಲೇ ಮಾತ್ರ ದನಿ ತಗ್ಗುತ್ತೆ. ಹಾಗೆ ತಗ್ಗೋದರಲ್ಲಿ ಒಂದು ಒಳ್ಳೆಯ ಗುಣ ಇದೆ. ಜೀವವನ್ನೇ ಪಣಕ್ಕಿಟ್ಟವನ ಎದುರು, ಸುರಕ್ಷಿತವಾಗಿ ಕೂತವನಿಗೆ ಒಂದು ಸಂಕೋಚ ಇರಲೇಬೇಕು. ಆದರೆ ಆ ಸಂಕೋಚ ಸಲ್ಲಬೇಕಾದ್ದು ಯಾರಿಗೆ? ಯೋಧನಿಗೋ, ಯೋಧನ ಹೆಸರಿನಲ್ಲಿ ಫೈಲಿಗೆ ಸಹಿ ಹಾಕುವವರಿಗೋ?

ಹಳ್ಳಿಯಲ್ಲಿ ಬೆಳೆದವರಿಗೆ ಈ ವ್ಯತ್ಯಾಸ ಸುಲಭವಾಗಿ ಅರ್ಥವಾಗುತ್ತೆ. ಜಾತ್ರೆ ಮುಗಿದ ಮೇಲೆ ದೇವಸ್ಥಾನದ ಜಗಲಿಯಲ್ಲಿ ಕೂತು ಖರ್ಚಿನ ಲೆಕ್ಕ ಓದುತ್ತಾರೆ. ಪೆಂಡಾಲಿಗೆ ಎಷ್ಟು, ಎಣ್ಣೆಗೆ ಎಷ್ಟು, ತೇರಿನ ಹಗ್ಗಕ್ಕೆ ಎಷ್ಟು. ಹಿಂದೆ ಕೂತ ಅಜ್ಜ ಒಬ್ಬರು "ಹೋದ ವರ್ಷದ ಹಗ್ಗ ಏನಾಯ್ತಪ್ಪಾ?" ಅಂತ ಕೇಳಿದರೆ, ದೇವರಿಗೆ ಅವಮಾನ ಆಯ್ತು ಅಂತ ಯಾರೂ ಎದ್ದು ಕೂಗಲ್ಲ. ಭಕ್ತಿ ಬೇರೆ, ಲೆಕ್ಕ ಬೇರೆ ಅಂತ ಎಲ್ಲರಿಗೂ ಗೊತ್ತು. ಹಗ್ಗ ಹಳೆಯದಾಗಿ ಹರಿದರೆ ಬೀಳೋದು ತೇರು ಎಳೆಯುವ ಹುಡುಗರೇ ಹೊರತು ಲೆಕ್ಕ ಬರೆದವರಲ್ಲ ಅನ್ನೋದೂ ಗೊತ್ತು.

ದೇಶದ ಮಟ್ಟದಲ್ಲಿ ಆ ಜಗಲಿ ಅಂದರೆ ಸಂಸತ್ತು. ಮಿಲಿಟರಿ ಲೆಕ್ಕವನ್ನು ಅಲ್ಲಿ ಕೇಳಲೇಬೇಕು ಅನ್ನೋದಕ್ಕೆ ದುಡ್ಡಿಗಿಂತ ದೊಡ್ಡ ಕಾರಣ ಒಂದಿದೆ. ನಮ್ಮ ಸಂವಿಧಾನದ 33ನೇ ವಿಧಿ ಸಂಸತ್ತಿಗೆ ವಿಶೇಷ ಅಧಿಕಾರ ಕೊಡುತ್ತೆ: ಶಿಸ್ತು ಕಾಪಾಡುವುದಕ್ಕಾಗಿ ಸಶಸ್ತ್ರ ಪಡೆಯವರ ಮೂಲಭೂತ ಹಕ್ಕುಗಳನ್ನು ಕಾನೂನಿನ ಮೂಲಕ ಮೊಟಕುಗೊಳಿಸಬಹುದು. ಅದರ ಫಲವಾಗಿ ಸೈನಿಕ ಯೂನಿಯನ್ ಕಟ್ಟುವಂತಿಲ್ಲ, ಅನುಮತಿಯಿಲ್ಲದೆ ಪತ್ರಿಕೆಗೆ ಬರೆಯುವಂತಿಲ್ಲ, ರಾಜಕೀಯ ಸಭೆಯಲ್ಲಿ ಮಾತಾಡುವಂತಿಲ್ಲ. ನನಗೆ ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಸರಿಯಿಲ್ಲದಿದ್ದರೆ ಟಿಕೆಟ್ ಹಾಕ್ತೀನಿ, ಸಿಟ್ಟು ಬಂದರೆ ಗ್ಲಾಸ್‌ಡೋರಿನಲ್ಲಿ ಬರೀತೀನಿ, ಇನ್ನೂ ಸಿಟ್ಟು ಬಂದರೆ ಪೇಪರ್ ಹಾಕ್ತೀನಿ. ಅವನಿಗೆ ಈ ಮೂರರಲ್ಲಿ ಒಂದೂ ನಮ್ಮಷ್ಟು ಸಲೀಸಲ್ಲ.

ಈ ನಿರ್ಬಂಧ ತಪ್ಪು ಅಂತ ನಾನು ಹೇಳ್ತಿಲ್ಲ. ಬಂದೂಕು ಹಿಡಿದವರು ರಾಜಕೀಯ ಮಾತಾಡಲು ಶುರು ಮಾಡಿದರೆ ಏನಾಗುತ್ತೆ ಅನ್ನೋದಕ್ಕೆ ಪಕ್ಕದ ದೇಶಗಳ ಚರಿತ್ರೆ ಇದೆ. ಆದರೆ ಒಬ್ಬನ ಬಾಯಿಗೆ ಬೀಗ ಹಾಕಿ ಕೀಲಿಕೈಯನ್ನು ಜೇಬಿಗಿಟ್ಟುಕೊಂಡವರಿಗೆ ಒಂದು ಋಣ ಅಂಟಿಕೊಳ್ಳುತ್ತೆ: ಅವನು ಕೇಳಬೇಕಿದ್ದನ್ನು ಅವನ ಪರವಾಗಿ ತಾವು ಕೇಳುವ ಋಣ. ಹಕ್ಕನ್ನು ಮೊಟಕುಗೊಳಿಸಿದ್ದು ಸಂಸತ್ತು. ಹಾಗಾಗಿ ಕೇಳಬೇಕಾದ್ದೂ ಸಂಸತ್ತೇ. ಅದು ಸುಮ್ಮನಾದರೆ ಸೈನಿಕನಿಗೆ ಗೌರವ ಕೊಟ್ಟ ಹಾಗೆ ಆಗಲ್ಲ, ಸಾಲ ತೀರಿಸದೆ ತಲೆತಪ್ಪಿಸಿಕೊಂಡ ಹಾಗೆ ಆಗುತ್ತೆ.

ಇದಕ್ಕೆ ನಮ್ಮ ಕೊಡಗಿನವರದೇ ಒಂದು ಉದಾಹರಣೆ ಇದೆ. 1959ರ ಆಗಸ್ಟ್ 25ರಂದು ಅರುಣಾಚಲದ ಗಡಿಯ ಲೋಂಗ್ಜುನಲ್ಲಿ ಚೀನೀಯರ ಜೊತೆ ಗುಂಡಿನ ಚಕಮಕಿ ಆಯ್ತು. ಅದಾಗಿ ಒಂದೇ ವಾರದೊಳಗೆ ಭೂಸೇನೆಯ ಮುಖ್ಯಸ್ಥ ಜನರಲ್ ಕೆ.ಎಸ್. ತಿಮ್ಮಯ್ಯ ರಾಜೀನಾಮೆ ಕೊಟ್ಟರು. ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಅವರಿಗೆ ಸರಿಹೋಗ್ತಿರಲಿಲ್ಲ. ಪ್ರಧಾನಿ ನೆಹರೂ ಅವರನ್ನು ಒಪ್ಪಿಸಿ ರಾಜೀನಾಮೆ ವಾಪಸ್ ತೆಗೆಸಿದರು. ಸುದ್ದಿ ಹೊರಗೆ ಬಂದ ಮೇಲೆ, ಸೆಪ್ಟೆಂಬರ್ 2ರಂದು, ಸಂಸತ್ತಿನಲ್ಲಿ ಮಾತಾಡಿ ಭಿನ್ನಾಭಿಪ್ರಾಯಗಳು ಕ್ಷುಲ್ಲಕ ಅನ್ನುವಂತೆ ಹೇಳಿದರು. ಸೇನೆಯ ಮೇಲೆ ನಾಗರಿಕ ಸರ್ಕಾರವೇ ದೊಡ್ಡದು ಅಂತಲೂ ಹೇಳಿದರು.

ಎರಡನೇ ಮಾತು ನೂರಕ್ಕೆ ನೂರು ಸರಿ. ತೊಂದರೆ ಇರೋದು ಬೇರೆ ಕಡೆ. ಪ್ರಧಾನಿ ಸದನದಲ್ಲಿ ತಮ್ಮ ಮಾತು ಹೇಳಬಹುದಿತ್ತು. ತಿಮ್ಮಯ್ಯ ಅದೇ ಸದನಕ್ಕೆ ಬಂದು ತಮ್ಮ ಮಾತು ಹೇಳುವಂತಿರಲಿಲ್ಲ. ಮುಚ್ಚಿದ ಬಾಗಿಲಿನ ಹಿಂದೆ ಜನರಲ್‌ರನ್ನೂ ಸಚಿವರನ್ನೂ ಕೂರಿಸಿ, ಇಬ್ಬರ ಮಾತನ್ನೂ ಕೇಳಿಸಿಕೊಳ್ಳುವ ರಕ್ಷಣಾ ಸ್ಥಾಯಿ ಸಮಿತಿ ಆಗ ಇರಲೇ ಇಲ್ಲ. ಅದು ಬಂದಿದ್ದು 1993ರಲ್ಲಿ. ತಿಮ್ಮಯ್ಯ 1961ರಲ್ಲಿ ನಿವೃತ್ತರಾದರು. ಮರುವರ್ಷ ಅಕ್ಟೋಬರ್ 20ಕ್ಕೆ ಚೀನಾ ದಾಳಿ ಮಾಡಿತು. 1959ರಲ್ಲೇ ಗಟ್ಟಿಯಾಗಿ ಕೇಳಿದ್ದರೆ 1962 ತಪ್ಪುತ್ತಿತ್ತು ಅಂತ ಹೇಳೋಕೆ ನಾನು ಜ್ಯೋತಿಷಿ ಅಲ್ಲ. ಆದರೆ ಕೇಳುವ ಅವಕಾಶ ಬಾಗಿಲಿಗೇ ಬಂದು ವಾಪಸ್ ಹೋಯಿತು ಅನ್ನೋದು ನಿಜ.

ಅದೇ ನೆಹರೂ ಕಾಲದಲ್ಲಿ ಇದಕ್ಕೆ ವಿರುದ್ಧವಾದ ಉದಾಹರಣೆಯೂ ಸಿಗುತ್ತೆ. ಯುದ್ಧ ನಡೀತಿರುವಾಗಲೇ ಅಧಿವೇಶನ ಕರೆಯಿರಿ ಅಂತ ಕೇಳಿದವರಲ್ಲಿ ರಾಜ್ಯಸಭೆಯ ಯುವ ಸದಸ್ಯ ಅಟಲ್ ಬಿಹಾರಿ ವಾಜಪೇಯಿ ಒಬ್ಬರು. ನೆಹರೂ ಕರೆದರು. 1962ರ ನವೆಂಬರ್ 8ಕ್ಕೆ ಚರ್ಚೆ ಶುರುವಾಯ್ತು. ಗುಟ್ಟಾಗಿ ಸೇರೋಣ ಅಂತ ಎಲ್.ಎಂ. ಸಿಂಘ್ವಿ ಸಲಹೆ ಕೊಟ್ಟಾಗ, ಜನ ತಿಳಿಯಬೇಕಾದ ವಿಷಯ ಇದು ಅಂತ ನೆಹರೂ ಒಪ್ಪಲಿಲ್ಲ. ಗಡಿಯಲ್ಲಿ ಗುಂಡು ಹಾರುತ್ತಿದ್ದಾಗ ಸದಸ್ಯರು ಪ್ರಧಾನಿಯ ಮುಖಕ್ಕೇ ಟೀಕೆ ಮಾಡಿದರು. ಅವರನ್ನು ಯಾರೂ ದೇಶದ್ರೋಹಿಗಳು ಅಂತ ಇವತ್ತು ನೆನಪಿಟ್ಟುಕೊಂಡಿಲ್ಲ.

ಯುದ್ಧ ಮುಗಿದ ಮೇಲಿನ ಕತೆ ಇಷ್ಟು ಚೆನ್ನಾಗಿಲ್ಲ. ಸೋಲಿನ ಬಗ್ಗೆ ಸೇನೆಯೇ ತನಿಖೆ ಮಾಡಿ 1963ರಲ್ಲಿ ಸಲ್ಲಿಸಿದ ಹೆಂಡರ್ಸನ್ ಬ್ರೂಕ್ಸ್–ಭಗತ್ ವರದಿಯನ್ನು ಯಾವ ಪಕ್ಷದ ಸರ್ಕಾರವೂ ಸಂಸತ್ತಿನ ಮುಂದಿಡಲಿಲ್ಲ. 2010ರಲ್ಲಿ ರಕ್ಷಣಾ ಸಚಿವ ಎ.ಕೆ. ಆಂಟನಿ, ಅದು ಈಗಲೂ ಸೂಕ್ಷ್ಮ ಮತ್ತು ಕಾರ್ಯಾಚರಣೆಗೆ ಸಂಬಂಧಪಟ್ಟದ್ದು ಅಂತ ಉತ್ತರ ಕೊಟ್ಟರು. 2014ರಲ್ಲಿ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ ಅದರ ಒಂದು ಭಾಗವನ್ನು ಇಂಟರ್ನೆಟ್ಟಿಗೆ ಹಾಕಿದರು. ಅಂದರೆ ಚೀನಾದವರೂ ಓದಬಹುದು, ನೀವೂ ಓದಬಹುದು. ನಮ್ಮ ಸಂಸತ್ತಿನ ಮುಂದೆ ಮಾತ್ರ ಅದು ಬಂದಿಲ್ಲ. ನಮ್ಮ ಕೆಲಸದಲ್ಲಿ ಸರ್ವರ್ ಎರಡು ಗಂಟೆ ಬಿದ್ದರೆ ಮರುದಿನವೇ ಪೋಸ್ಟ್‌ಮಾರ್ಟಮ್ ಬರೆಸ್ತಾರೆ. ಯಾರನ್ನೋ ಗಲ್ಲಿಗೇರಿಸೋಕಲ್ಲ, ಅದೇ ಕಾರಣಕ್ಕೆ ಇನ್ನೊಮ್ಮೆ ಬೀಳದಿರಲಿ ಅಂತ.

ಈಗ ಇತ್ತೀಚಿನ ಎರಡು ದಿನಾಂಕ ಪಕ್ಕಪಕ್ಕ ಇಟ್ಟು ನೋಡಿ. 2018ರ ಮಾರ್ಚ್ 13ರಂದು ರಕ್ಷಣಾ ಸ್ಥಾಯಿ ಸಮಿತಿಯ ವರದಿ ಸಂಸತ್ತಿಗೆ ಬಂತು. ಸೇನೆಯ ಉಪಮುಖ್ಯಸ್ಥರೇ ಸಮಿತಿಯ ಮುಂದೆ ಹೇಳಿದ್ದು ಅದರಲ್ಲಿತ್ತು: ನಮ್ಮ ಸಲಕರಣೆಗಳಲ್ಲಿ ಶೇ. 68ರಷ್ಟು ಹಳೇ ಕಾಲದವು, ಶೇ. 24 ಈಗಿನವು, ಅತ್ಯಾಧುನಿಕ ಅನ್ನಬಹುದಾದವು ಬರೀ ಶೇ. 8. ಸಮಿತಿಯ ಅಧ್ಯಕ್ಷರಾಗಿದ್ದ ಬಿ.ಸಿ. ಖಂಡೂರಿ ವಿರೋಧ ಪಕ್ಷದವರಲ್ಲ. ಆಳುವ ಪಕ್ಷದವರು, ಸ್ವತಃ ನಿವೃತ್ತ ಮೇಜರ್ ಜನರಲ್. ಮರುದಿನ, ಮಾರ್ಚ್ 14ರಂದು, ಲೋಕಸಭೆ ಗದ್ದಲದ ನಡುವೆ ಗಿಲೋಟಿನ್ ಬಳಸಿ ಇಡೀ ಬಜೆಟ್ಟನ್ನು ಚರ್ಚೆಯೇ ಇಲ್ಲದೆ ಪಾಸು ಮಾಡಿತು. ಪಿಂಚಣಿ ಬಿಟ್ಟು ಸುಮಾರು 2.95 ಲಕ್ಷ ಕೋಟಿ ರೂಪಾಯಿಯ ರಕ್ಷಣಾ ವೆಚ್ಚವೂ ಅದರಲ್ಲೇ ಹೋಯಿತು. ಸೆಪ್ಟೆಂಬರಿನಲ್ಲಿ ಸಮಿತಿಗೆ ಬೇರೆ ಅಧ್ಯಕ್ಷರು ಬಂದರು.

ಗದ್ದಲ ಮಾಡಿದವರು, ಗದ್ದಲವನ್ನೇ ನೆಪ ಮಾಡಿಕೊಂಡವರು, ಇಬ್ಬರೂ ಇದಕ್ಕೆ ಪಾಲುದಾರರು. ಸೇನೆಯ ಅಧಿಕಾರಿ ತನಗಿರುವ ಒಂದೇ ಕಿಟಕಿಯಲ್ಲಿ ಬಂದು, ಇದ್ದದ್ದು ಇದ್ದಹಾಗೆ ಹೇಳಿ ಹೋದರು. ಕೇಳಿಸಿಕೊಂಡ ಮನೆ ಒಂದು ದಿನವೂ ಅದರ ಬಗ್ಗೆ ಮಾತಾಡಲಿಲ್ಲ.

2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮಪಾತ ಆದಾಗ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಬದುಕಿದ್ದು ನಿಮಗೆ ನೆನಪಿರಬಹುದು. ಇಡೀ ಕರ್ನಾಟಕ ಅವರಿಗಾಗಿ ಹರಕೆ ಹೊತ್ತಿತ್ತು. ಫೆಬ್ರವರಿ 11ಕ್ಕೆ ಅವರು ತೀರಿಕೊಂಡರು. ನಾಲ್ಕು ವರ್ಷದ ನಂತರ, 2020ರ ಫೆಬ್ರವರಿಯಲ್ಲಿ, ಸಿಎಜಿ ವರದಿಯೊಂದು ಸಂಸತ್ತಿಗೆ ಬಂತು. ಸಿಯಾಚಿನ್‌ನಂಥ ಎತ್ತರದಲ್ಲಿ ಇರುವವರಿಗೆ ಹಿಮದ ಕನ್ನಡಕಗಳ ಕೊರತೆ, ಬೂಟುಗಳ ಕೊರತೆ, ಜಾಕೆಟ್ಟು ಮತ್ತು ಸ್ಲೀಪಿಂಗ್ ಬ್ಯಾಗುಗಳು ಹಳೆಯ ಮಾದರಿಯವು ಅಂತ ಅದು ಪಟ್ಟಿ ಮಾಡಿತ್ತು. ಆ ಹಿಮಪಾತಕ್ಕೆ ಈ ಕೊರತೆ ಕಾರಣ ಅಂತ ನಾನು ಹೇಳ್ತಿಲ್ಲ, ಹಾಗೆ ಹೇಳೋದು ಅನ್ಯಾಯ. ನಾನು ಕೇಳೋದು ಇಷ್ಟೇ: ಹನುಮಂತಪ್ಪನವರಿಗಾಗಿ ಡಿಪಿ ಬದಲಿಸಿದ ನಮ್ಮಲ್ಲಿ ಎಷ್ಟು ಜನ ಈ ವರದಿಯ ಹೆಸರು ಕೇಳಿದ್ದೀವಿ? ಕಣ್ಣೀರಿಗೆ ನಾವು ತಯಾರಿದ್ದೆವು. ಬೂಟಿನ ಲೆಕ್ಕಕ್ಕೆ ತಯಾರಿರಲಿಲ್ಲ.

"ಎಲ್ಲಾ ಬಹಿರಂಗ ಮಾಡಿದರೆ ಶತ್ರುವಿಗೆ ಗೊತ್ತಾಗಲ್ವಾ?" ಗೊತ್ತಾಗುತ್ತೆ, ಅದಕ್ಕೇ ಸ್ಥಾಯಿ ಸಮಿತಿಯ ಸಭೆಗಳು ಮುಚ್ಚಿದ ಬಾಗಿಲಲ್ಲಿ ನಡೆಯೋದು. ಕಾರ್ಗಿಲ್ ಆದಮೇಲೆ ಕೆ. ಸುಬ್ರಹ್ಮಣ್ಯಂ ಸಮಿತಿಯ ವರದಿಯನ್ನು, ಸೂಕ್ಷ್ಮ ಭಾಗಗಳನ್ನು ತೆಗೆದು, 2000ದ ಫೆಬ್ರವರಿಯಲ್ಲಿ ಸಂಸತ್ತಿನ ಮುಂದಿಟ್ಟರು. ಗುಟ್ಟನ್ನೂ ಉಳಿಸಿ, ಉತ್ತರವನ್ನೂ ಕೊಡಬಹುದು ಅಂತ ತೋರಿಸಿದ್ದು ವಾಜಪೇಯಿ ಸರ್ಕಾರವೇ. "ಎಂಪಿಗಳಿಗೆ ಟ್ಯಾಂಕ್ ಬಗ್ಗೆ ಏನ್ ಗೊತ್ರೀ?" ಗೊತ್ತಿರಬೇಕಿಲ್ಲ. ಯಾವ ಟ್ಯಾಂಕ್ ಅನ್ನೋದು ಸೇನೆಯವರ ಪರಿಣತಿ. ಹತ್ತು ವರ್ಷದಿಂದ ಯಾಕೆ ಬಂದಿಲ್ಲ ಅಂತ ಕೇಳೋಕೆ ಕ್ಯಾಲೆಂಡರ್ ಓದೋಕೆ ಬಂದರೆ ಸಾಕು.

ಬೇರೆ ದೇಶದವರು ಈ ಋಣವನ್ನು ಕಾನೂನಾಗಿಯೇ ಬರೆದುಕೊಂಡಿದ್ದಾರೆ. ಹಿಟ್ಲರನ ಕಾಲ ಕಂಡ ಜರ್ಮನಿ ಹೊಸದಾಗಿ ಸೇನೆ ಕಟ್ಟುವಾಗ, 1956ರಲ್ಲಿ, ಸಂವಿಧಾನಕ್ಕೆ 45ಬಿ ವಿಧಿ ಸೇರಿಸಿ ಸಂಸತ್ತಿನಡಿ ಒಬ್ಬ ಸೇನಾ ಆಯುಕ್ತರ ಹುದ್ದೆ ಮಾಡಿತು. ಅಲ್ಲಿ ಯಾವ ಸೈನಿಕ ಬೇಕಾದರೂ, ಮೇಲಧಿಕಾರಿಯ ಮೂಲಕ ಹೋಗದೆ, ನೇರವಾಗಿ ಆ ಆಯುಕ್ತರಿಗೆ ಪತ್ರ ಬರೆಯಬಹುದು. ಬ್ಯಾರಕ್ಕಿನ ಸ್ಥಿತಿಯಿಂದ ಹಿಡಿದು ಸಲಕರಣೆಯ ಕೊರತೆವರೆಗೆ ಎಲ್ಲ ಸೇರಿ ಪ್ರತಿ ವರ್ಷ ವರದಿ ಸಂಸತ್ತಿಗೆ ಹೋಗುತ್ತೆ. ಶಿಸ್ತು ಮುರಿಯದೆ ಸೈನಿಕನ ದನಿ ಸದನ ಮುಟ್ಟೋಕೆ ಒಂದು ದಾರಿ ಆಯ್ತು. ನಮ್ಮಲ್ಲಿ ಅಂಥ ಹುದ್ದೆ ಇಲ್ಲ.

ಊರ ಕಡೆ ಹೋದಾಗ ಬೆಳಗಿನ ಜಾವ ರಸ್ತೆ ಬದಿ ಓಡುವ ಹುಡುಗರು ಈಗಲೂ ಕಾಣ್ತಾರೆ. 1.6 ಕಿಲೋಮೀಟರ್ ಓಟಕ್ಕೆ ತಯಾರಿ. 2022ರ ಜೂನ್ 14ರಂದು ಅಗ್ನಿಪಥ್ ಯೋಜನೆ ಘೋಷಣೆಯಾಗಿ ಅವರ ಬದುಕಿನ ಲೆಕ್ಕಾಚಾರವೇ ಬದಲಾಯ್ತು: ನಾಲ್ಕು ವರ್ಷ ಸೇವೆ, ಆಮೇಲೆ ಶೇ. 25ರವರೆಗೆ ಮಾತ್ರ ಕಾಯಂ. ಯೋಜನೆ ಒಳ್ಳೆಯದೇ ಇರಬಹುದು, ಸೇನೆಯ ಸರಾಸರಿ ವಯಸ್ಸು ಇಳಿಸಬೇಕು ಅನ್ನುವ ವಾದದಲ್ಲಿ ಹುರುಳೂ ಇದೆ. ಆದರೆ ಘೋಷಣೆಗೆ ಮೊದಲು ಅದರ ಬಗ್ಗೆ ಸಂಸತ್ತಿನಲ್ಲಿ ಚರ್ಚೆ ಆಗಲಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ತವಾಂಗ್ ಬಳಿ ಚೀನೀಯರ ಜೊತೆ ಘರ್ಷಣೆ ಆದಾಗಲೂ ಸಚಿವರ ಹೇಳಿಕೆ ಬಂತು, ವಿರೋಧ ಪಕ್ಷ ಕೇಳಿದ ಚರ್ಚೆ ಬರಲಿಲ್ಲ. 2025ರ ಜುಲೈನಲ್ಲಿ ಆಪರೇಷನ್ ಸಿಂಧೂರ ಕುರಿತು ಎರಡೂ ಸದನಗಳಲ್ಲಿ ದೀರ್ಘ ಚರ್ಚೆ ನಡೆಯಿತು. ಅರ್ಧ ಹೊತ್ತು ಪರಸ್ಪರ ಬೈದಾಟವೇ ಇತ್ತು, ನಿಜ. ಆದರೂ ನಡೆಯಿತು, ಸೇನೆಯ ಸ್ಥೈರ್ಯವೇನೂ ಕುಸಿಯಲಿಲ್ಲ.

ಚುನಾವಣೆ ಹತ್ತಿರ ಬಂದಾಗ ನಮ್ಮ ಅಪಾರ್ಟ್‌ಮೆಂಟುಗಳ ಕ್ಲಬ್‌ಹೌಸಿಗೆ ಎಂಪಿ ಅಭ್ಯರ್ಥಿಗಳು ಬರ್ತಾರೆ. ಕಾವೇರಿ ನೀರು, ಮೆಟ್ರೋ, ಟ್ರಾಫಿಕ್ ಕೇಳ್ತೀವಿ. ಮುಂದಿನ ಸಲ ಇನ್ನೊಂದನ್ನೂ ಸೇರಿಸಿ: "ಸಾರ್, ರಕ್ಷಣಾ ಬಜೆಟ್ ಚರ್ಚೆ ಇಲ್ಲದೆ ಪಾಸಾಗುವಾಗ ನೀವು, ನಿಮ್ಮ ಪಕ್ಷ ಏನ್ ಮಾಡ್ತಿದ್ರಿ?" ಯಾವ ಪಕ್ಷದವರು ಬಂದರೂ ಕೇಳಿ. ಸಭೆಯಲ್ಲಿ ಒಂದಿಬ್ಬರು ಮುಖ ಸಿಂಡರಿಸಬಹುದು. ಸಿಂಡರಿಸಲಿ ಬಿಡಿ. ಸಿಯಾಚಿನ್‌ನಲ್ಲಿ ಹಳೇ ಬೂಟು ಹಾಕಿಕೊಂಡವನು ಎದ್ದು ನಿಂತು ಆ ಪ್ರಶ್ನೆ ಕೇಳೋಕೆ ಆಗಲ್ಲ. ನಿಮಗೆ ಆಗುತ್ತೆ.