ಆಟದ ನ್ಯಾಯ ಮತ್ತು ಮನೆಯ ನ್ಯಾಯ

ಕ್ರೀಡೆಯೆಂಬುದು ಕಾಲಹರಣದ ಸಾಧನವೆಂದು ಕೆಲವರೂ ದೇಹಪುಷ್ಟಿಯ ಉಪಾಯವೆಂದು ಮತ್ತೆ ಕೆಲವರೂ ಹೇಳುವುದುಂಟು. ಇವೆರಡಕ್ಕಿಂತಲೂ ಮೇಲಾದ ಗುಣವೊಂದು ಅದರಲ್ಲಿದೆ. ಆಟದ ನಿಯಮವು ಆಡುವವರೆಲ್ಲರಿಗೂ ಒಂದೇ ಆಗಿರುವುದು. ಊರ್ಡಿಗೆರೆಯಂತಹ ಊರಿನ ಬಯಲಿನಲ್ಲಿ ಹುಡುಗರು ಚಿನ್ನಿದಾಂಡು ಆಡುವಾಗ, ಹಾರಿದ ಚಿನ್ನಿಯನ್ನು ಎದುರಾಳಿಯು ನೆಲಕ್ಕೆ ಬೀಳುವ ಮೊದಲೇ ಹಿಡಿದನೆಂದರೆ, ಹೊಡೆದವನು ಸಿರಿವಂತರ ಮಗನಾಗಲಿ, ಕೂಲಿಯವನ ಮಗನಾಗಲಿ, ದಾಂಡನ್ನು ಬಿಟ್ಟುಕೊಡಲೇಬೇಕು. ಹಾಗಾದರೆ ಆಟವು ಮನುಷ್ಯರಿಗೆ ಸಮತೆಯನ್ನು ಕಲಿಸಬಲ್ಲುದೆ? ಇದು ವಿಚಾರಾರ್ಹವಾದ ಪ್ರಶ್ನೆ.

ಧಾರವಾಡದಲ್ಲಿ ಜನಿಸಿದ ಪಾಲ್ವಂಕರ್ ಬಾಳೂ ಎಂಬಾತನ ಚರಿತ್ರೆಯು ಇಲ್ಲಿ ಸ್ಮರಣೀಯವಾಗಿದೆ. ಚರ್ಮಕಾರರ ಕುಲದಲ್ಲಿ ಹುಟ್ಟಿದ ಈತನು ಪುಣೆಯ ಕ್ಲಬ್ಬೊಂದರಲ್ಲಿ ಕ್ರಿಕೆಟ್ ಅಂಗಳವನ್ನು ಸಮಮಾಡುವ ಆಳಾಗಿದ್ದು, ಅಲ್ಲಿಯ ಆಂಗ್ಲರಿಗೆ ಅಭ್ಯಾಸಕ್ಕಾಗಿ ಚೆಂಡೆಸೆಯುತ್ತ ಎಡಗೈ ಬೌಲಿಂಗಿನಲ್ಲಿ ಪ್ರವೀಣನಾದನು. ಆಂಗ್ಲರನ್ನು ಸೋಲಿಸಬೇಕೆಂಬ ಹಂಬಲದಿಂದ ಹಿಂದೂ ತಂಡದವರು ಆತನನ್ನು ಸೇರಿಸಿಕೊಂಡರು. ಅಂಗಳದಲ್ಲಿ ಆತನು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟಿದರು; ವಿರಾಮಕಾಲದಲ್ಲಿ ಮಾತ್ರ ಆತನಿಗೆ ಹೊರಗೆ, ಬೇರೆಯದಾದ ಮಣ್ಣಿನ ಬಟ್ಟಲಲ್ಲಿ ಚಹಾ ಕೊಟ್ಟರು. ಆ ಚೆಂಡಿನ ಹೊದಿಕೆಯೂ ಚರ್ಮದ್ದೇ ಅಲ್ಲವೆ! 1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ಭಾರತೀಯ ತಂಡದಲ್ಲಿ ಆತನು ನೂರಕ್ಕೂ ಹೆಚ್ಚು ವಿಕೆಟ್ಟುಗಳನ್ನು ಪಡೆದನು. ಆದರೂ ಹಿಂದೂ ತಂಡದ ನಾಯಕಪದವಿಯು ಆತನಿಗೆ ದೊರೆಯಲಿಲ್ಲ. ಆ ಗೌರವವು 1923ರಲ್ಲಿ ಆತನ ತಮ್ಮನಾದ ವಿಠಲನಿಗೆ ಸಂದಿತು.

ಈ ವೈಪರೀತ್ಯವು ನಮ್ಮ ದೇಶಕ್ಕೆ ಮಾತ್ರ ಸೇರಿದುದಲ್ಲ. ಚೆಂಡನ್ನು ದಾಂಡಿನಿಂದ ಹೊಡೆದು ನಾಲ್ಕು ನೆಲೆಗಳನ್ನು ಸುತ್ತಿ ಬರುವ ಬೇಸ್‌ಬಾಲ್ ಆಟವನ್ನು ಅಮೆರಿಕದವರು ತಮ್ಮ ರಾಷ್ಟ್ರೀಯ ಕ್ರೀಡೆಯೆಂದು ಹೆಮ್ಮೆಪಡುತ್ತಿದ್ದರು. ಆದರೂ 1880ರ ದಶಕದಿಂದ ಕರಿಯರನ್ನು ದೊಡ್ಡ ತಂಡಗಳಿಂದ ಹೊರಗಿಟ್ಟಿದ್ದರು. ಲಿಖಿತ ಶಾಸನವೇನೂ ಇರಲಿಲ್ಲ, ಮೌನಸಮ್ಮತಿಯೇ ಸಾಕಾಗಿತ್ತು. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್‌ಸನ್ ಎಂಬ ಕರಿಯ ಆಟಗಾರನು ಬ್ರೂಕ್ಲಿನ್ ತಂಡದಲ್ಲಿ ಆಡಿ ಆ ಕಟ್ಟನ್ನು ಮುರಿದನು. ಆಮೇಲೂ ಕೆಲವು ಊರುಗಳ ಹೋಟೆಲುಗಳಲ್ಲಿ ಆತನಿಗೆ ತನ್ನ ತಂಡದವರೊಡನೆ ತಂಗಲು ಸ್ಥಳ ಸಿಗಲಿಲ್ಲ. ಇಂದು ಪ್ರತಿವರ್ಷವೂ ಅದೇ ದಿನ ಆಟಗಾರರೆಲ್ಲರೂ ಆತನ 42ನೆಯ ಅಂಕಿಯನ್ನು ಧರಿಸಿ ಆಡುತ್ತಾರೆ.

ಇಲ್ಲಿ ಪೂರ್ವಪಕ್ಷವೊಂದು ಏಳಬಹುದು. ಇಬ್ಬರನ್ನೂ ಸೇರಿಸಿಕೊಂಡವರಿಗೆ ಬೇಕಾಗಿದ್ದುದು ಗೆಲುವು. ಪ್ರಯೋಜನಕ್ಕಾಗಿ ಕೊಟ್ಟ ಸ್ಥಾನವು ಧರ್ಮವಾದೀತೆ? ಮಹಾಭಾರತದ ರಂಗದಲ್ಲಿ ಕರ್ಣನು ಧನುಸ್ಸನ್ನು ಹಿಡಿದು ನಿಂತಾಗ ಕೃಪಾಚಾರ್ಯರು ಆತನ ಕುಲವನ್ನು ಕೇಳಿದರು. ದುರ್ಯೋಧನನು ಕೂಡಲೇ ಅಂಗರಾಜ್ಯವನ್ನು ಕೊಟ್ಟನು. ಆ ಕೊಡುಗೆಯಲ್ಲಿ ಸ್ನೇಹವೂ ಇತ್ತು, ಅರ್ಜುನನಿಗೆ ಸಮನಾದ ಬಿಲ್ಗಾರನು ಬೇಕೆಂಬ ಸ್ವಾರ್ಥವೂ ಇತ್ತು.

ಇದಕ್ಕೆ ಸಮಾಧಾನವಿಷ್ಟೆ: ಸ್ವಾರ್ಥವು ಬಾಗಿಲನ್ನು ತೆರೆಯಬಲ್ಲುದು, ಒಳಗೆ ಬಂದವನಿಗೆ ಮಣೆ ಹಾಕುವುದು ಧರ್ಮದ ಕೆಲಸ. ಆಟವು ಸಮತೆಯನ್ನು ತೋರಿಸಬಲ್ಲುದೇ ಹೊರತು ಬಲಾತ್ಕಾರದಿಂದ ಕಲಿಸಲಾರದು. ಬಾಳೂವಿನ ಕೈಚಳಕವನ್ನು ಮೆಚ್ಚಿದವರಿಗೆ ಆ ಕೈಗೆ ತಮ್ಮ ಬಟ್ಟಲನ್ನೇ ಕೊಡಲು ಯಾವ ನಿಯಮವೂ ಅಡ್ಡಿಯಾಗಿರಲಿಲ್ಲ, ಅವರ ಮನಸ್ಸೊಂದೇ ಅಡ್ಡಿಯಾಗಿತ್ತು. ಕ್ರಿಕೆಟ್ ಪಂದ್ಯವನ್ನು ಮನೆಯವರೆಲ್ಲರೂ ಕುಳಿತು ನೋಡಿ, ಯಾವ ಕುಲದವನೆಂದು ಕೇಳದೆ ಆಟಗಾರನಿಗೆ ಚಪ್ಪಾಳೆ ತಟ್ಟುವ ಕಾಲವಿದು. ಅದೇ ಮನೆಯ ಹಿತ್ತಿಲಿನ ಗೂಡಿನಲ್ಲಿ ಕೆಲಸದವರಿಗೆಂದು ಬೇರೆ ಲೋಟವೊಂದು ಕವುಚಿಕೊಂಡಿದ್ದರೆ, ಆ ಚಪ್ಪಾಳೆಯು ಅಂಗಳದ ನ್ಯಾಯಕ್ಕೆ ಸಂದುದೇ ಹೊರತು ಮನೆಯ ನ್ಯಾಯಕ್ಕೆ ಸಂದುದಲ್ಲ. ಆ ಲೋಟವನ್ನು ಒಳಗಿನ ಲೋಟಗಳ ಸಾಲಿಗೆ ಸೇರಿಸುವುದು ಗೃಹಸ್ಥರ ಕೈಯಲ್ಲಿಯೇ ಇದೆ.