ಅಪ್‌ಡೇಟ್ ಎಂಬ ಜೀರ್ಣೋದ್ಧಾರ

ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ಮನ್ನು ಹೊಸ ಆವೃತ್ತಿಗೆ ಏರಿಸಬೇಕೇ ಬೇಡವೇ ಎಂಬುದು ಮೇಲ್ನೋಟಕ್ಕೆ ಖರ್ಚು-ಅನುಕೂಲಗಳ ಲೆಕ್ಕ. ಆ ಲೆಕ್ಕಕ್ಕೆ ಕೂರುವ ಮೊದಲೇ ಇತ್ಯರ್ಥವಾಗಬೇಕಾದ ತಾತ್ವಿಕ ಪ್ರಶ್ನೆಯೊಂದಿದೆ: ಉಳಿಯಬೇಕಾದದ್ದು ಯಾವುದು? 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಭದ್ರತಾ ವ್ಯವಸ್ಥೆ, ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಇರಬೇಕು. ಪ್ರೊಸೆಸರ್ ಮೈಕ್ರೋಸಾಫ್ಟ್ ಒಪ್ಪಿದ ಪಟ್ಟಿಯಲ್ಲಿರಬೇಕು. ಚೆನ್ನಾಗಿ ಕೆಲಸ ಮಾಡುತ್ತಿದ್ದ ಎಷ್ಟೋ ಯಂತ್ರಗಳು ಈ ಷರತ್ತಿನಿಂದಲೇ ಹಳತಾದವು.

ಅರಸೀಕೆರೆ, ಬೇಲೂರಿನಂಥ ಊರುಗಳ ಡಿಟಿಪಿ ಅಂಗಡಿಗಳಿಗೆ ಇದರಲ್ಲಿ ಕನ್ನಡದ್ದೇ ಆದ ತೊಡಕು ಇನ್ನೊಂದಿದೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ವೈಕುಂಠ ಸಮಾರಾಧನೆಯ ಕಾರ್ಡು ಇವೆಲ್ಲ ಬಹುಕಾಲ ಸಿದ್ಧವಾದದ್ದು ಪುಟವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರಿನಲ್ಲಿ, ನುಡಿ ಅಥವಾ ಶ್ರೀಲಿಪಿ ಫಾಂಟುಗಳಲ್ಲಿ. ಪೇಜ್‌ಮೇಕರಿನ ಕೊನೆಯ ಆವೃತ್ತಿಯಾದ 7 ಬಂದದ್ದು 2001ರಲ್ಲಿ. ಯೂನಿಕೋಡ್ ಅದಕ್ಕೆ ತಿಳಿಯದು. ಹಳೆಯ ನುಡಿ ಫಾಂಟುಗಳಲ್ಲಿ ಕನ್ನಡದ ಆಕೃತಿಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕೂರಿಸಲಾಗಿತ್ತು. ಆ ಫಾಂಟಿಲ್ಲದ ಹೊಸ ಯಂತ್ರದಲ್ಲಿ ಹಳೆಯ ಲಗ್ನಪತ್ರಿಕೆಯನ್ನು ತೆರೆದರೆ, ವರನ ಹೆಸರಿರಬೇಕಾದ ಜಾಗದಲ್ಲಿ ತಲೆಯ ಮೇಲೆ ಗೀರು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಫೈಲಿನೊಳಗೆ ಏನೇನೂ ಬದಲಾಗಿಲ್ಲ, ಆದರೂ ಕನ್ನಡ ಕಾಣೆಯಾಗಿದೆ. ಮುಟ್ಟದೆ ಬಿಟ್ಟದ್ದೆಲ್ಲ ಉಳಿಯುತ್ತದೆಂಬ ನಂಬಿಕೆ ಇಲ್ಲೇ ಕುಸಿಯುತ್ತದೆ.

ಬದಲಾಗುತ್ತಲೇ ಒಂದು ವಸ್ತು ಅದೇ ಆಗಿ ಉಳಿಯುವುದು ಹೇಗೆ ಎಂಬುದನ್ನು ಜೈನ ದಾರ್ಶನಿಕರಷ್ಟು ಪಟ್ಟುಹಿಡಿದು ಚರ್ಚಿಸಿದವರು ಕಡಿಮೆ. ಈ ಸೀಮೆಗೆ ಆ ವಿಚಾರ ಹೊರಗಿನದಲ್ಲ: ಅರಸೀಕೆರೆಯ ಸಹಸ್ರಕೂಟ ಜಿನಾಲಯ ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಕಾಲದ್ದು, ಹಳೇಬೀಡಿನ ಬಸ್ತಿಹಳ್ಳಿಯಲ್ಲಿ ಪಾರ್ಶ್ವನಾಥ, ಶಾಂತಿನಾಥ, ಆದಿನಾಥ ಬಸದಿಗಳು ಇಂದಿಗೂ ಇವೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಪ್ರಕಾರ ಇರುವಿಕೆ ಎಂಬುದೇ ಉತ್ಪಾದ (ಹುಟ್ಟು), ವ್ಯಯ (ಅಳಿವು), ಧ್ರೌವ್ಯ (ಸ್ಥಿರತೆ) ಮೂರೂ ಕೂಡಿದ್ದು. ಪರ್ಯಾಯಗಳು, ಅಂದರೆ ವಸ್ತು ತಾಳುವ ರೂಪಗಳು, ಹುಟ್ಟಿ ಅಳಿಯುತ್ತಿರುತ್ತವೆ; ಅವುಗಳಿಗೆ ಆಧಾರವಾದ ದ್ರವ್ಯ ನಿಲ್ಲುತ್ತದೆ. ಎಲ್ಲವೂ ಕ್ಷಣಿಕವೆನ್ನುವ ಬೌದ್ಧ ನಿಲುವನ್ನೂ, ಮೂಲತತ್ತ್ವ ಎಂದೂ ಬದಲಾಗದೆನ್ನುವ ನಿಲುವನ್ನೂ ಜೈನ ದಾರ್ಶನಿಕರು ಅರ್ಧಸತ್ಯವೆಂದರು. ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ ಕೊಡುವ ನಿದರ್ಶನ ಪ್ರಸಿದ್ಧ: ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದರೆ ಕೊಡ ಬೇಕಿದ್ದವನಿಗೆ ದುಃಖ, ಕಿರೀಟ ಬೇಕಿದ್ದವನಿಗೆ ಸಂತೋಷ, ಚಿನ್ನ ಬೇಕಿದ್ದವನಿಗೆ ಎರಡೂ ಇಲ್ಲ.

ಅಪ್‌ಡೇಟಿನ ಜಗಳವೂ ಹೆಚ್ಚಾಗಿ ಈ ಮೂವರ ನಡುವಿನದು. ಕೈ ಪಳಗಿದ ಪರದೆ, ಕೀಲಿಮಣೆಯ ರೂಢಿ ಬಿಡಲಾರದವನು ಕೊಡದ ಕಡೆಯವನು. ಹೊಸತನ್ನು ಮಾರುವವನಿಗೆ ಕಿರೀಟದ್ದೇ ಧ್ಯಾನ. ಪಠ್ಯ ಉಳಿದರೆ ಸಾಕೆನ್ನುವವನಿಗೆ ಗಾಬರಿಯಿಲ್ಲ. ಪರಿವರ್ತಕ ತಂತ್ರಾಂಶದಿಂದ ನುಡಿಯ ಬರಹವನ್ನು ಯೂನಿಕೋಡಿಗೆ ತರಬಹುದು. ಆದರೆ ಈ ಮೂರನೆಯವನ ಸಮಾಧಾನವನ್ನು ಸುಮ್ಮನೆ ಒಪ್ಪುವಂತಿಲ್ಲ. ಪರಿವರ್ತನೆಯಲ್ಲಿ ಅಕ್ಷರದ ಆಕಾರ, ಸಾಲು ಮುರಿಯುವ ಜಾಗ, ಪುಟದ ಅಂದ ಎಲ್ಲವೂ ಅತ್ತಿತ್ತ ಆಗುತ್ತವೆ. ಲಗ್ನಪತ್ರಿಕೆಗೆ ಅಂದವೇ ಚಿನ್ನ. ಪಹಣಿಯ ಅರ್ಜಿಗೆ ಅಂದ ಯಾರಿಗೂ ಬೇಕಿಲ್ಲ. ಯಾವುದು ದ್ರವ್ಯ, ಯಾವುದು ಪರ್ಯಾಯ ಎಂಬುದನ್ನು ಯಂತ್ರ ಹೇಳುವುದಿಲ್ಲ, ಕೆಲಸ ಹೇಳುತ್ತದೆ.

ಬದಲಾಗುತ್ತಲೇ ಅದೇ ಆಗಿ ಉಳಿಯುವುದಕ್ಕೆ ಬೇಲೂರಿನ ಚೆನ್ನಕೇಶವ ದೇವಾಲಯ ಕಲ್ಲಿನಲ್ಲಿರುವ ಸಾಕ್ಷಿ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಗುಡಿ ಹಾಗೆಯೇ ನಿಂತಿಲ್ಲ. ನವರಂಗವನ್ನು ಆವರಿಸಿರುವ ಜಾಲಂಧ್ರಗಳು ಇಮ್ಮಡಿ ಬಲ್ಲಾಳನ ಕಾಲದವು. ಸುಟ್ಟುಹೋಗಿದ್ದ ಮಹಾದ್ವಾರದ ಗೋಪುರವನ್ನು ವಿಜಯನಗರದ ಇಮ್ಮಡಿ ಹರಿಹರನ ಅಧಿಕಾರಿ ಗುಂಡ 1397ರಲ್ಲಿ ಮತ್ತೆ ಕಟ್ಟಿಸಿದ. ಗರ್ಭಗುಡಿಯ ಮೇಲಿನ ಶಿಖರವನ್ನು, ಕೆಳಗಿನ ಕಟ್ಟಡ ಉಳಿಯಲೆಂದು, 19ನೇ ಶತಮಾನದಲ್ಲಿ ಕಳಚಲಾಯಿತು. ತಲೆ ತೆಗೆದು ಒಡಲು ಉಳಿಸಿದ ಈ ತೀರ್ಮಾನ ಸುಲಭದ್ದಾಗಿರಲಾರದು. ಆದರೂ ಭಕ್ತರಿಗೆ ಗುಡಿ ಅದೇ, ಕೇಶವನೂ ಅವನೇ. ಪೂಜೆ ನಡೆದೇ ಇದೆ, ಚೈತ್ರದ ರಥೋತ್ಸವವೂ.

ಆಗಮಗಳು ಜೀರ್ಣೋದ್ಧಾರಕ್ಕೆ ವಿಧಿಸುವ ಕ್ರಮದಲ್ಲಿ ತತ್ತ್ವವೇ ಕೆಲಸವಾಗಿ ಇಳಿದಿದೆ. ಉಳಿಯನ್ನು ಮುಟ್ಟಿಸುವ ಮೊದಲು ಕಳಾಕರ್ಷಣೆ: ಬಿಂಬದಲ್ಲಿರುವ ಸಾನ್ನಿಧ್ಯವನ್ನು ಕಲಶಕ್ಕೆ ಆವಾಹಿಸಿಕೊಂಡು ಬಾಲಾಲಯವೆಂಬ ತಾತ್ಕಾಲಿಕ ಗುಡಿಯಲ್ಲಿಟ್ಟು ಪೂಜೆ ಮುಂದುವರಿಸುವುದು, ಕೆಲಸ ಮುಗಿದ ಮೇಲೆ ಕುಂಭಾಭಿಷೇಕದೊಡನೆ ಮರಳಿ ಪ್ರತಿಷ್ಠಾಪಿಸುವುದು. ಉಳಿಯಬೇಕಾದದ್ದನ್ನು ಮೊದಲು ಬೇರೆಡೆ ಸುರಕ್ಷಿತವಾಗಿಟ್ಟ ಮೇಲೆಯೇ ಕಟ್ಟಡಕ್ಕೆ ಕೈ. ಬ್ಯಾಕಪ್ ಎಂಬುದರ ತರ್ಕ ಇದಕ್ಕಿಂತ ಭಿನ್ನವಲ್ಲ. ವಿಂಡೋಸ್ 10ರ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆಂದು ಕೊಟ್ಟ ಹೆಚ್ಚುವರಿ ಭದ್ರತಾ ಅವಧಿಯೂ ಒಂದು ಬಾಲಾಲಯವೇ, ನೆಲೆಸಲು ಕಟ್ಟಿದ್ದಲ್ಲ.

ಹಳೇಬೀಡಿನ ಹೊಯ್ಸಳೇಶ್ವರ ಇನ್ನೊಂದು ಬಗೆಯ ಉತ್ತರ. ಶಿಖರಗಳಿಲ್ಲ, ಮತ್ತೆ ಕಟ್ಟಿಯೂ ಇಲ್ಲ. ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿ ಶಿಥಿಲವಾಗುವುದನ್ನು ತಡೆಯುವುದಷ್ಟೇ ಕೆಲಸ, ಊಹಿಸಿ ಹೊಸದನ್ನು ಸೇರಿಸುವಂತಿಲ್ಲ. ಯುನೆಸ್ಕೊ 2023ರಲ್ಲಿ ಬೇಲೂರು, ಹಳೇಬೀಡು ಎರಡನ್ನೂ, ಸೋಮನಾಥಪುರದೊಂದಿಗೆ, ಒಂದೇ ಪಟ್ಟಿಗೆ ಸೇರಿಸಿತು. ಅಂದರೆ ಎರಡು ದಾರಿಗೂ ಮಾನ್ಯತೆಯಿದೆ. ಹಳೆಯ ಫೈಲುಗಳಿಗೆಂದೇ ಒಂದು ಯಂತ್ರವನ್ನು ಇದ್ದ ಹಾಗೇ ಇಟ್ಟುಕೊಳ್ಳುವುದು ತಪ್ಪಲ್ಲ. ಷರತ್ತೆಂದರೆ ಅದಕ್ಕೆ ಇಂಟರ್ನೆಟ್ ಇರಕೂಡದು, ಗಿರಾಕಿಗಳ ಪೆನ್‌ಡ್ರೈವ್ ನೇರವಾಗಿ ಚುಚ್ಚಕೂಡದು. ಹಾಗೆ ಬೇಲಿ ಹಾಕದೆ ಹಳತನ್ನೇ ದಿನದ ವ್ಯವಹಾರಕ್ಕೂ ಬಳಸುವುದು ಬೇಲೂರೂ ಅಲ್ಲ, ಹಳೇಬೀಡೂ ಅಲ್ಲ.

ಇಲ್ಲಿ ಪ್ರಶ್ನೆ ದ್ರವ್ಯ-ಪರ್ಯಾಯಗಳಿಂದ ಧರ್ಮಕ್ಕೆ ಹೊರಳುತ್ತದೆ. ತತ್ತ್ವಾರ್ಥಸೂತ್ರ ಹಿಂಸೆಯ ಬೇರನ್ನು ಪ್ರಮಾದದಲ್ಲಿ, ಅಂದರೆ ಎಚ್ಚರಗೇಡಿತನದಲ್ಲಿ ಕಾಣುತ್ತದೆ; ಕೊಲ್ಲುವ ಉದ್ದೇಶವೇ ಇರಬೇಕೆಂದಿಲ್ಲ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ, ಫೈಲುಗಳನ್ನು ಒತ್ತೆಯಿಡುವ ಕುತಂತ್ರಾಂಶ ಹರಡಿದಾಗ ಅದು ನುಗ್ಗಿದ ಬಿರುಕಿಗೆ ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ತೇಪೆ ಕೊಟ್ಟಿತ್ತು. ತೇಪೆ ಹಾಕಿಕೊಳ್ಳದ ಒಂದು ಯಂತ್ರದಿಂದ ಪಕ್ಕದ ಯಂತ್ರಕ್ಕೆ ಅದು ಯಾರೂ ಏನನ್ನೂ ಒತ್ತದೆಯೇ ದಾಟಿತು. ಬ್ರಿಟನ್ನಿನ ಆಸ್ಪತ್ರೆಗಳ ಕೆಲಸ ನಿಂತಿತು. ಮುಂದೂಡಿದವರಲ್ಲಿ ಯಾರಿಗೂ ರೋಗಿಗಳ ಮೇಲೆ ಹಗೆಯಿರಲಿಲ್ಲ. ಬ್ಯಾಕಪ್ ಇಲ್ಲದೆ, ಮುದ್ರಣಕ್ಕೆ ಕಳಿಸಬೇಕಾದ ಹಿಂದಿನ ರಾತ್ರಿ ಅಪ್‌ಡೇಟ್ ಒತ್ತುವುದೂ ಪ್ರಮಾದದ್ದೇ ಇನ್ನೊಂದು ಮುಖ. ಡಿಟಿಪಿ ಅಂಗಡಿಯ ಯಂತ್ರದಲ್ಲಿರುವುದು ಬಹುಪಾಲು ಊರವರ ಆಧಾರ್ ಪ್ರತಿ, ಅಂಕಪಟ್ಟಿ, ಕರಾರುಪತ್ರ. ಯಂತ್ರ ಮಾಲೀಕನದ್ದಾದರೂ ಅದನ್ನು ಹೇಗಿಡಬೇಕೆಂಬುದರಲ್ಲಿ ಅವರ ಪಾಲೂ ಇದೆ.