ಆಟಕ್ಕುಂಟು, ಲೆಕ್ಕಕ್ಕಿಲ್ಲ

ಊರಿನ ಅಂಗಳದಲ್ಲಿ ಮಕ್ಕಳು ಕಣ್ಣಾಮುಚ್ಚಾಲೆ ಆಡುವಾಗ ತೀರಾ ಸಣ್ಣದೊಂದು ಮಗು ‘ನಾನೂ ಬರ್ತೇನೆ’ ಅಂತ ಹಟ ಹಿಡಿಯುತ್ತದೆ. ದೊಡ್ಡವರು ಅದನ್ನು ಸೇರಿಸಿಕೊಳ್ಳುತ್ತಾರೆ. ಆದರೆ ಅದು ಸಿಕ್ಕಿಬಿದ್ದರೂ ಔಟ್ ಅಲ್ಲ, ಗೆದ್ದರೂ ಗೆಲುವಲ್ಲ. ಇದಕ್ಕೆ ನಮ್ಮಲ್ಲಿ ಹೇಳುವುದು ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’. ಮಗು ಎಲ್ಲರಷ್ಟೇ ಓಡುತ್ತದೆ, ಎಲ್ಲರಷ್ಟೇ ಬೆವರುತ್ತದೆ. ದುಬೈಯಲ್ಲೋ ಅಬುಧಾಬಿಯಲ್ಲೋ ಹುಟ್ಟಿ ಬೆಳೆದ ನೀವು ಈ ಮಾತನ್ನು ಅಜ್ಜಿಯ ಬಾಯಲ್ಲಿ ಕೇಳಿರಬಹುದು.

ನನಗೆ ಇದು ನೆನಪಾದದ್ದು ಮೆಟ್ರೊದ ಅಂಕಿಅಂಶ ನೋಡುವಾಗ. ದುಬೈ 2015ರಲ್ಲೇ ಡೇಟಾ ಹಂಚಿಕೆಗೆ ಒಂದು ಕಾನೂನು ಮಾಡಿತು. ‘ದುಬೈ ಪಲ್ಸ್’ ಎಂಬ ಸರ್ಕಾರಿ ತಾಣದಲ್ಲಿ ಮೆಟ್ರೊ, ಬಸ್ಸುಗಳ ಟ್ಯಾಪ್ ದಾಖಲೆ ಸಾರ್ವಜನಿಕರಿಗೂ ಸಿಗುವ ಹಾಗೆ ಮಾಡಿದರು. ನೀವು ಗೇಟಿಗೆ ನೋಲ್ ಕಾರ್ಡ್ ತಾಗಿಸಿದ ಕೂಡಲೇ ಒಂದು ಸಾಲು ಹುಟ್ಟುತ್ತದೆ: ಯಾವ ಸ್ಟೇಷನ್, ಎಷ್ಟು ಹೊತ್ತಿಗೆ, ಒಳಗೋ ಹೊರಗೋ. 2024ರಲ್ಲಿ ದುಬೈ ಮೆಟ್ರೊದಲ್ಲಿ ಸುಮಾರು 27.5 ಕೋಟಿ ಪ್ರಯಾಣಗಳಾದವು. ಇಂಥ ಸಾಲುಗಳನ್ನು ನೋಡಿಯೇ ರೈಲು ಎಷ್ಟು ನಿಮಿಷಕ್ಕೊಂದು ಬೇಕು, ಯಾವ ಬಸ್ಸಿನ ದಾರಿ ಬದಲಿಸಬೇಕು ಅಂತ ಯೋಚಿಸುವುದು. ಒಳ್ಳೆಯದೇ. ಯಾರೋ ದೊಡ್ಡವರ ಮನೆ ಮುಂದೆ ಸ್ಟಾಪ್ ಹಾಕುವುದಕ್ಕಿಂತ ಲೆಕ್ಕ ನೋಡಿ ಹಾಕುವುದು ನೂರು ಪಾಲು ಮೇಲು.

ಹಾಗಾದರೆ ಟ್ಯಾಪ್ ಮಾಡದವರು?

ಸೋನಾಪುರ ಅಂತ ಎಲ್ಲರೂ ಕರೆಯುವ ಜಾಗ ನಿಮಗೆ ಗೊತ್ತು. ಅಧಿಕೃತ ಹೆಸರು ಮುಹೈಸ್ನಾ 2. ಬೆಳಕು ಹರಿಯುವ ಮೊದಲೇ ಅಲ್ಲಿಂದ ಬಿಳಿ ಬಸ್ಸುಗಳು ಸಾಲಾಗಿ ಹೊರಡುತ್ತವೆ. ಅಲ್ ಕೂಜ್‌ನಲ್ಲೂ ಹಾಗೇ, ಅಬುಧಾಬಿಯ ಮುಸಫಾದಲ್ಲೂ ಹಾಗೇ. ಅವು ಕಂಪನಿ ಬಸ್ಸುಗಳು. ಅದರಲ್ಲಿ ಕೂತವರು ನೋಲ್ ತಾಗಿಸುವುದಿಲ್ಲ, ಅಬುಧಾಬಿಯ ಹಾಫಿಲಾತ್ ಕಾರ್ಡೂ ಬೇಕಿಲ್ಲ. ನಾವು ಓಡಾಡುವ ಮೆಟ್ರೊ ಕಂಬಗಳನ್ನು ನಿಲ್ಲಿಸಿದವರು, ನಾವಿರುವ ಕಟ್ಟಡಕ್ಕೆ ಗಾರೆ ಹಾಕಿದವರು ದಿನಕ್ಕೆರಡು ಸಲ ಊರನ್ನು ಉದ್ದಕ್ಕೂ ದಾಟುತ್ತಾರೆ. ಟ್ಯಾಪ್‌ಗಳ ಕಡತದಲ್ಲಿ ಆ ಪ್ರಯಾಣವೇ ಇಲ್ಲ.

ಇನ್ನು ನನ್ನ ಕಥೆ ಕೇಳಿ. ಬಾಡಿಗೆ ಕಡಿಮೆ ಅಂತ ಶಾರ್ಜಾದಲ್ಲಿ ಮನೆ, ಕೆಲಸ ದುಬೈಯಲ್ಲಿ. ನಮ್ಮಲ್ಲಿ ಬಹಳ ಜನರ ಪಾಡು ಇದೇ. ಕಾರಿನಲ್ಲಿ ಒಬ್ಬನೇ. 2007ರಿಂದ ಇರುವ ಸಾಲಿಕ್ ಗೇಟುಗಳು ನನ್ನನ್ನು ಒಂದು ದಿನವೂ ಮರೆತಿಲ್ಲ. 2025ರ ಜನವರಿ ಕೊನೆಯಿಂದ ದಟ್ಟಣೆಯ ಹೊತ್ತಿಗೆ 6 ದಿರ್ಹಮ್, ಉಳಿದ ಹೊತ್ತಿಗೆ 4, ರಾತ್ರಿ ಒಂದರಿಂದ ಬೆಳಿಗ್ಗೆ ಆರರವರೆಗೆ ಪುಕ್ಕಟೆ. ಅಂದರೆ ನನ್ನ ಕಾರು ಯಾವ ಹೊತ್ತಿಗೆ ಎಲ್ಲಿ ರಸ್ತೆ ತುಂಬಿಸುತ್ತದೆ ಅನ್ನುವುದನ್ನು ಲೆಕ್ಕ ಹಾಕಿ ಬೆಲೆ ಕಟ್ಟಿದ್ದಾರೆ. ಅಬುಧಾಬಿಯ ಸೇತುವೆಗಳಲ್ಲಿ 2021ರಿಂದ ದರ್ಬ್ ಗೇಟುಗಳೂ ಇದನ್ನೇ ಮಾಡುತ್ತಿವೆ. ಪರಿಸರದ ದೃಷ್ಟಿಯಿಂದ ನೋಡಿದರೆ ತಮಾಷೆ ಮಾರಾಯ್ರೆ: ಒಂದೇ ಬಸ್ಸಿನಲ್ಲಿ ಐವತ್ತು ಜನ ಹೋಗುವುದು ಅವರು, ಒಬ್ಬನಿಗೆ ಒಂದು ಎಂಜಿನ್ ಉರಿಸುವುದು ನಾನು. ಪಕ್ಕಾ ಲೆಕ್ಕ ಇರುವುದು ನನ್ನದು.

ನೀವು ಹೇಳಬಹುದು, ‘ಅವರಿಗೆ ಕಂಪನಿಯೇ ಬಸ್ಸು ಕೊಟ್ಟಿದೆಯಲ್ಲ, ಲೆಕ್ಕ ಯಾಕೆ?’ ನ್ಯಾಯವಾದ ಪ್ರಶ್ನೆ. ಆದರೆ ಕಂಪನಿ ಬಸ್ಸು ಹೋಗುವುದು ಕ್ಯಾಂಪಿನಿಂದ ಸೈಟಿಗೆ, ಸೈಟಿನಿಂದ ಕ್ಯಾಂಪಿಗೆ. ರಜಾದಿನ ಊರಿಗೆ ದುಡ್ಡು ಕಳಿಸಬೇಕು, ದೇರಾದಲ್ಲಿರುವ ಚಿಕ್ಕಪ್ಪನ ಮಗನನ್ನು ನೋಡಬೇಕು, ಮೀನಾ ಬಜಾರಿನಲ್ಲಿ ಮಗಳಿಗೊಂದು ಫ್ರಾಕು ಕೊಳ್ಳಬೇಕು. ಆಗ ಅವರು ನಮ್ಮ ಹಾಗೇ ಸಾಮಾನ್ಯ ಪ್ರಯಾಣಿಕರು.

ಇಲ್ಲೇ ಟ್ಯಾಪ್ ಡೇಟಾದ ಇನ್ನೊಂದು ತೊಂದರೆ ಇರುವುದು. 2009ರ ಸೆಪ್ಟೆಂಬರ್ 9ರಂದು ಮೆಟ್ರೊ ಶುರುವಾದಾಗ ಶುಕ್ರವಾರ ಮಧ್ಯಾಹ್ನದವರೆಗೆ ರೈಲೇ ಇರಲಿಲ್ಲ. ಆಗ ವಾರದ ರಜೆ ಶುಕ್ರವಾರ. ಆ ಕಾಲದ ಲೆಕ್ಕ ತೆಗೆದರೆ ಶುಕ್ರವಾರ ಬೆಳಿಗ್ಗೆ ಪ್ರಯಾಣಿಕರು ಸೊನ್ನೆ. ‘ನೋಡಿ, ಯಾರಿಗೂ ಬೇಡ’ ಅನ್ನೋಣವೇ? 2022ರಲ್ಲಿ ವಾರಾಂತ್ಯ ಶನಿವಾರ-ಭಾನುವಾರಕ್ಕೆ ಬದಲಾಯಿತು. ಈಗ ಬೇರೆ ದಿನ ಐದಕ್ಕೆ ಶುರುವಾಗುವ ಮೆಟ್ರೊ ಭಾನುವಾರ ಎಂಟಕ್ಕೆ. ಇಲ್ಲದ ರೈಲಿಗೆ ಟ್ಯಾಪ್ ಬೀಳುವುದಿಲ್ಲ. ಟ್ಯಾಪ್ ಲೆಕ್ಕದಲ್ಲಿ ಸಿಗುವುದು ಜನ ಏನು ಮಾಡಿದರು ಅನ್ನುವುದು, ಅವರಿಗೆ ಏನು ಬೇಕಿತ್ತು ಅನ್ನುವುದಲ್ಲ. ಅಷ್ಟು ಸಣ್ಣ ವಿಷಯ ಮರೆತರೆ ಹಳೆಯ ಯೋಜನೆಯ ತಪ್ಪೇ ಹೊಸ ಯೋಜನೆಗೆ ಪುರಾವೆಯಾಗಿಬಿಡುತ್ತದೆ.

ಇದು ದುಬೈಯದೊಂದೇ ಪಾಡಲ್ಲ. ಭಾರತದ 2011ರ ಜನಗಣತಿಯಲ್ಲಿ ಒಂದು ಒಳ್ಳೆಯ ಪ್ರಶ್ನೆ ಇತ್ತು: ಕೆಲಸಕ್ಕೆ ಎಷ್ಟು ದೂರ ಹೋಗುತ್ತೀರಿ, ಹೇಗೆ ಹೋಗುತ್ತೀರಿ. ನಡೆದು ಅನ್ನುವುದಕ್ಕೂ ಅಲ್ಲಿ ಜಾಗ ಇತ್ತು. ಆದರೆ ಪ್ರಶ್ನೆ ಇದ್ದದ್ದು ‘ಕೆಲಸ’ದ ಬಗ್ಗೆ. ಮಗುವನ್ನು ಶಾಲೆಗೆ ಬಿಟ್ಟು, ಮಾರ್ಕೆಟ್ಟಿಗೆ ಹೋಗಿ, ಅತ್ತೆಗೆ ಆಸ್ಪತ್ರೆಯಿಂದ ಮಾತ್ರೆ ತರುವ ಹೆಂಗಸಿನ ಓಡಾಟ ಅದರಲ್ಲಿ ಬರಲಿಲ್ಲ. ಆಮೇಲೆ 2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಬಂತು. ಉಚಿತ ಅಂತ ಕಂಡಕ್ಟರ್ ಸುಮ್ಮನೆ ಬಿಡುವುದಿಲ್ಲ, ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಡುತ್ತಾರೆ. ಸರ್ಕಾರ ನಿಗಮಗಳಿಗೆ ಹಣ ತುಂಬಿಕೊಡಬೇಕಲ್ಲ, ಅದಕ್ಕೆ. 2025ರ ಜುಲೈಯಲ್ಲಿ ಈ ಟಿಕೆಟ್‌ಗಳು 500 ಕೋಟಿ ಮುಟ್ಟಿದವು. ಉಚಿತ ಕೊಟ್ಟದ್ದು ಸರಿಯೋ ತಪ್ಪೋ ಅಂತ ನಿಮ್ಮ ಮನೆಯಲ್ಲೂ ಜಗಳ ಆಗಿರಬಹುದು. ಅದಿರಲಿ. ನನಗೆ ಮುಖ್ಯ ಅನ್ನಿಸುವುದು, ಅಷ್ಟು ದೊಡ್ಡ ಓಡಾಟಕ್ಕೆ ಒಂದು ಚೀಟಿ ಸಿಕ್ಕಿತಲ್ಲ, ಅದು.

ಹಾಗಂತ ಎಲ್ಲರನ್ನೂ ಎಣಿಸಿಬಿಡಿ ಅಂತ ಹೇಳಲು ನನಗೆ ಧೈರ್ಯ ಇಲ್ಲ. ಲೆಕ್ಕಕ್ಕೆ ಬರುವುದು ಬೇರೆ, ಕಣ್ಣಿಗೆ ಬೀಳುವುದು ಬೇರೆ. 2013ರಲ್ಲಿ ಸಂಶೋಧಕರು ಸುಮಾರು 15 ಲಕ್ಷ ಮೊಬೈಲ್ ಬಳಕೆದಾರರ ದಾಖಲೆ ಪರೀಕ್ಷಿಸಿದರು. ಹೆಸರು ತೆಗೆದಿದ್ದರೂ, ಒಬ್ಬರು ಇದ್ದ ನಾಲ್ಕು ಜಾಗ ಮತ್ತು ಹೊತ್ತು ಗೊತ್ತಾದರೆ ಸಾಕು, ನೂರಕ್ಕೆ 95 ಮಂದಿಯನ್ನು ಬೇರೆಯವರಿಂದ ಬೇರ್ಪಡಿಸಿ ಗುರುತಿಸಬಹುದಿತ್ತು. ಬೆಳ್ಳಿ ಬಣ್ಣದ ನೋಲ್ ಕಾರ್ಡಿನಲ್ಲಿ ನಿಮ್ಮ ಹೆಸರಿಲ್ಲ, ಸರಿ. ದಿನಾ ಬೆಳಿಗ್ಗೆ ಹತ್ತುವುದು ಎಲ್ಲಿ, ರಾತ್ರಿ ಇಳಿಯುವುದು ಎಲ್ಲಿ ಅನ್ನುವುದೇ ಒಂದು ಹೆಸರಿನ ಹಾಗೆ. ವೀಸಾ ಕಂಪನಿಯ ಕೈಯಲ್ಲಿರುವ ಮನುಷ್ಯನಿಗೆ, ತಾನು ರಜಾದಿನ ಯಾರನ್ನು ನೋಡಲು ಹೋದೆ ಅನ್ನುವುದು ಕಡತದಲ್ಲಿ ಇಲ್ಲದಿರುವುದೇ ನೆಮ್ಮದಿ ಇರಬಹುದು. ಆ ಸಣ್ಣ ಮಗುವಿಗೂ ಹಾಗೇ: ಲೆಕ್ಕದಲ್ಲಿ ಇಲ್ಲದ ಕಾರಣ ಅದನ್ನು ಯಾರೂ ಬಯ್ಯುವುದಿಲ್ಲ.

ಆದರೂ ನನ್ನ ಅಭಿಪ್ರಾಯ ಹೇಳಿಬಿಡ್ತೇನೆ. ಬಸ್ಸನ್ನು ಎಣಿಸಿ, ಮನುಷ್ಯನನ್ನು ಹಿಂಬಾಲಿಸಬೇಡಿ. ಒಂದು ಕ್ಯಾಂಪಿನಿಂದ ಎಷ್ಟು ಬಸ್ಸು, ಎಷ್ಟು ಹೊತ್ತಿಗೆ, ಯಾವ ಕಡೆಗೆ, ಒಳಗೆ ಎಷ್ಟು ತಲೆ. ಐವತ್ತು ಜನ ಒಟ್ಟಿಗೆ ಹತ್ತಿ ಒಟ್ಟಿಗೆ ಇಳಿಯುವಲ್ಲಿ ಯಾರೊಬ್ಬರ ಗುಟ್ಟೂ ಬಯಲಾಗುವುದಿಲ್ಲ. ಅಷ್ಟನ್ನು ಕಂಪನಿಗಳಿಂದ ಕೇಳಿ ತೆಗೆದುಕೊಂಡು, ಮೆಟ್ರೊ ಅಂಕಿಯ ಪಕ್ಕದಲ್ಲೇ ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು. ರಜಾದಿನದ ಬಗ್ಗೆಯಾದರೆ ಯಂತ್ರ ಬೇಡ, ಕ್ಯಾಂಪಿಗೆ ಹೋಗಿ ಅವರವರ ಭಾಷೆಯಲ್ಲಿ ಕೇಳಬೇಕು. 2029ಕ್ಕೆ ಅಂತ ಹೇಳಿರುವ ನೀಲಿ ಮಾರ್ಗ 30 ಕಿ.ಮೀ., 14 ಸ್ಟೇಷನ್. ಇಂಟರ್‌ನ್ಯಾಷನಲ್ ಸಿಟಿಯಂಥ ಕಡೆ ಬಾಡಿಗೆಗಿರುವವರಿಗೆ ದೊಡ್ಡ ಉಪಕಾರ. ಆ ಸ್ಟೇಷನ್‌ಗಳಿಗೆ ಬಸ್ಸು ಎಲ್ಲಿಂದ ಬರಬೇಕು ಅಂತ ತೀರ್ಮಾನಿಸಲು ಈಗಲೇ ಹೊತ್ತು.

ಒಂದು ಭಾನುವಾರ ಅಲಾರಂ ಇಟ್ಟು ಎದ್ದು, ಏಳೂವರೆಗೆ ನಿಮ್ಮ ಮನೆ ಹತ್ತಿರದ ಮೆಟ್ರೊ ಸ್ಟೇಷನ್‌ಗೆ ಹೋಗಿ ಬನ್ನಿ. ಬಾಗಿಲು ಮುಚ್ಚಿರುತ್ತದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಯಾರಾದರೂ ಕಾಯುತ್ತಾ ನಿಂತಿದ್ದರೆ ಎಷ್ಟು ಹೊತ್ತಾಯಿತು ಅಂತ ಕೇಳಿ, ಮಾತಾಡಿಸಿ. ಅವರ ಮೊದಲ ಟ್ಯಾಪ್ ಬೀಳುವುದು ಎಂಟಕ್ಕೆ.